ತೆಂಗಿನಕಾಯಿಯ ಎದೆಬಡಿತ

ಸತ್ತು ಅರ್ಧ ದಿನವಾಗಿದ್ದ ನಮ್ಮ ದೊಡ್ಡಪ್ಪನನ್ನು ಒಂದು ಸಂಜೆ ನಾನು ಬದುಕಿಸಿಬಿಟ್ಟೆ. ನನಗೆ ಮಂತ್ರ ಬರುವುದಿಲ್ಲ, ಮದ್ದೂ ಗೊತ್ತಿಲ್ಲ. ಬರೀ ಒಂದು ಕೈಗಡಿಯಾರದಿಂದ ಬದುಕಿಸಿದೆ. ಇಡೀ ಊರು ಕಣ್ಣಾರೆ ನೋಡಿರುವುದರಿಂದ ನಿಮ್ಮ ಹತ್ತಿರ ಮುಚ್ಚಿಟ್ಟು ಪ್ರಯೋಜನವಿಲ್ಲ.

ಓಟಗಾರರು ಕಟ್ಟುತ್ತಾರಲ್ಲ, ಅಂಥ ಗಡಿಯಾರ. ನಾನೇನೂ ಓಟಗಾರನಲ್ಲ. ಶ್ರೀರಂಗಪಟ್ಟಣದಲ್ಲಿ ಬಸ್ಸು ಹೊರಟಾಗ ಮಾತ್ರ ಓಡುವವನು, ಅದನ್ನೂ ಹಿಡಿದದ್ದು ಕಡಿಮೆ. ಆದರೂ ಅದು ಕೈಗೆ ಬಂದ ಮೇಲೆ ಅರಕೆರೆ ಕಡೆಯ ನಾಲೆ ಏರಿಯ ಮೇಲೆ ಬೆಳಗಿನ ಮಂಜಿನಲ್ಲಿ ಏದುಸಿರು ಬಿಡುತ್ತಾ ಸಾಗತೊಡಗಿದೆ. ಗಡಿಯಾರದ ತಳದಲ್ಲಿ ಒಂದು ಪುಟ್ಟ ಗಾಜು, ಗಾಜಿನ ಹಿಂದೆ ಹಸಿರು ಬೆಳಕು. ಬೆಳಕು ಚರ್ಮದೊಳಗೆ ಇಳಿಯುತ್ತದೆ, ರಕ್ತ ಅದನ್ನು ಒಂದಿಷ್ಟು ಕುಡಿಯುತ್ತದೆ, ಕುಡಿದು ಉಳಿದದ್ದು ವಾಪಸ್ಸು ಬರುತ್ತದೆ. ಆ ಏರಿಳಿತವನ್ನು ಎಣಿಸಿ ಗಡಿಯಾರ ನಿಮ್ಮ ಎದೆಬಡಿತ ಹೇಳುತ್ತದೆ. ನಮ್ಮ ಕಡೆಯ ನಾಟಿ ವೈದ್ಯರು ಮೂರು ಬೆರಳಿಟ್ಟು, ಕಣ್ಣು ಮುಚ್ಚಿ ಮಾಡುತ್ತಿದ್ದುದೂ ಇದನ್ನೇ. ಒಂದೇ ವ್ಯತ್ಯಾಸವೆಂದರೆ ಅವರ ಬೆರಳಿನೊಳಗೆ ನೀರು ನುಗ್ಗುತ್ತಿರಲಿಲ್ಲ.

ನನ್ನ ಗಡಿಯಾರದೊಳಗೆ ನುಗ್ಗಿತು. ಕಟ್ಟಿಕೊಂಡು ಈಜಿದರೂ ಏನೂ ಆಗದು ಎಂದು ಡಬ್ಬಿಯ ಮೇಲೆ ಬರೆದಿತ್ತು. ಈಜುವುದೇನೋ ಸರಿ, ಅದರ ಜೊತೆ ಬೆವರಬಾರದು ಎಂದು ಯಾರೂ ಬರೆದಿರಲಿಲ್ಲ. ಬೆವರಿನ ಉಪ್ಪು, ಸೋಪಿನ ನೊರೆ, ಗದ್ದೆಯ ಬಿಸಿಲು ಎಲ್ಲ ಸೇರಿ ಒಳಗಿನ ಅಂಟನ್ನು ತಿಂದು, ತಳದ ಗಾಜು ಒಂದು ಮೂಲೆಯಲ್ಲಿ ಬಾಯಿಬಿಟ್ಟಿತು. ಪಾಂಡವಪುರದ ಮೊಬೈಲ್ ರಿಪೇರಿಯವನು ತಿರುಗಿಸಿ ನೋಡಿ, “ಇದುನ್ನ ಬಿಚ್ಚಕ್ಕಾಗಕಿಲ್ಲ ಕಣಣ್ಣ, ಬಿಚ್ಚುದ್ರೆ ಮುಚ್ಚಕ್ಕಾಗಕಿಲ್ಲ” ಎಂದ. ನಾನು ಸೋಲುವವನೇ? ಚಪ್ಪಲಿಗೆ ಹಚ್ಚುವ ಗಮ್ಮು ತಂದು ನಾನೇ ಮೆತ್ತಿದೆ.

ಅಲ್ಲಿಂದ ಶುರುವಾಯಿತು. ನನ್ನ ಕೈಗೆ ಕಟ್ಟಿದರೆ ಸಂಖ್ಯೆಯ ಜಾಗದಲ್ಲಿ ಎರಡು ಅಡ್ಡಗೆರೆ. ಕುಂತಿಬೆಟ್ಟ ಹತ್ತಿ, ಎದೆ ಬಾಯಿಗೆ ಬಂದು ಕೂತಿದ್ದಾಗಲೂ ಅದೇ ಎರಡು ಗೆರೆ. ಇಲ್ಲಿ ಯಾರೂ ಇಲ್ಲ ಎಂದು ಹೇಳಿದ ಹಾಗೆ. ನಾನು ಇದ್ದೇನೆಯೋ ಇಲ್ಲವೋ ಎಂದು ನನ್ನನ್ನು ನಾನೇ ಗಿಲ್ಲಿ ನೋಡಿಕೊಂಡಿದ್ದೂ ಉಂಟು. ಬೇಸತ್ತು ಬಿಚ್ಚಿ ಬೀರುವಿನಲ್ಲಿಟ್ಟೆ. ಮಧ್ಯಾಹ್ನ ಬಾಗಿಲು ತೆಗೆದರೆ, ಮಡಿಸಿಟ್ಟ ಪಂಚೆಗಳ ನಡುವೆ ಹಸಿರು ಬೆಳಕು ಮಿಣಮಿಣ ಎನ್ನುತ್ತಿತ್ತು, ಮೇಲೆ ಅರವತ್ತೆರಡು ಎಂದು ತೋರಿಸುತ್ತಿತ್ತು. ಪಂಚೆಗೆ ಎದೆ ಬಡಿಯುತ್ತಿತ್ತು! ಮೆಲ್ಲಗೆ ಬಾಗಿಲು ಮುಚ್ಚಿದೆ. ಆಮೇಲೆ ಎಷ್ಟೋ ದಿನ ಬೀರು ತೆಗೆಯುವ ಮುಂಚೆ ಒಂದು ಸಲ ತಟ್ಟುತ್ತಿದ್ದೆ, ಒಳಗಿರುವವರಿಗೆ ಮುಜುಗರವಾಗದಿರಲಿ ಎಂದು.

ತಮಾಷೆ ಬಿಡಿ, ಆ ಯಂತ್ರಕ್ಕೆ ರಕ್ತ ಯಾವುದು ಎಂದು ಗೊತ್ತಿಲ್ಲ. ಮರಳಿ ಮರಳಿ ಬರುವುದೇನಾದರೂ ಇದೆಯೇ ಎಂದು ಕತ್ತಲಲ್ಲಿ ತಡಕಾಡುತ್ತದೆ. ಗಾಜು ಕೆಟ್ಟರೆ ತನ್ನ ಬೆಳಕಿನ ನಡುಕವನ್ನೇ ಜೀವ ಎಂದುಕೊಳ್ಳುತ್ತದೆ.

ದೊಡ್ಡಪ್ಪ ಹೋದದ್ದು ಒಂದು ಬೆಳಗ್ಗೆ. ಡೇರಿಗೆ ಹಾಲು ಹಾಕಿ ಬಂದು ಜಗಲಿಯಲ್ಲಿ ಕೂತವರು ಏಳಲಿಲ್ಲ. ಅರಕೆರೆಯಿಂದ ಡಾಕ್ಟರು ಬಂದು ನೋಡಿ ತಲೆಯಾಡಿಸಿ ಹೋದರು. ಪದ್ಧತಿಯಂತೆ ಮನೆ ಮುಂದೆ ಗೋಡೆಗೆ ಒರಗಿಸಿ ಕೂರಿಸಿ, ಗಲ್ಲಕ್ಕೆ ಬಟ್ಟೆ ಕಟ್ಟಿ, ಹಣೆಗೆ ಕಾಸು ಅಂಟಿಸಿ, ಮುಂದೆ ದೀಪವನ್ನೂ ತೆಂಗಿನಕಾಯಿಯನ್ನೂ ಇಟ್ಟರು. ಬರಬೇಕಾದವರೆಲ್ಲ ಬಂದರು, ಒಬ್ಬಳನ್ನು ಬಿಟ್ಟು. ಅವರ ಒಬ್ಬಳೇ ಮಗಳು ರೂಪಕ್ಕ ನಾಗಮಂಗಲದಲ್ಲಿ ಟೀಚರು. ಮಕ್ಕಳನ್ನು ಕರೆದುಕೊಂಡು ಬಿಜಾಪುರದ ಕಡೆ ಪ್ರವಾಸ ಹೋಗಿ ವಾಪಸ್ಸು ಹೊರಟಿದ್ದವಳು, ಸುದ್ದಿ ಕೇಳಿದ್ದೇ ಬಸ್ಸಿಂದ ಬಸ್ಸಿಗೆ ಹಾರಿ ಬರುತ್ತಿದ್ದಳು.

ಹೊತ್ತು ಇಳಿಯತೊಡಗಿತು. ನಮ್ಮ ವಂಶದ ಹಿರಿಯರು ಬೋರಣ್ಣ, ಸಾವಿನ ಮನೆಯಲ್ಲಿ ಅವರ ಮಾತೇ ಕಾನೂನು.

“ರೂಪ ಎಲ್ಲವ್ಳಂತೆ?” ಎಂದರು.

“ಈಗ ಕೆ.ಆರ್.ಪೇಟೆ ದಾಟವ್ಳಂತೆ,” ಎಂದ ಫೋನು ಹಿಡಿದಿದ್ದವನೊಬ್ಬ.

“ಅಲ್ಲಿಂದ ಪಾಂಡವಪುರ, ಶ್ರೀರಂಗಪಟ್ಣ ದಾಟಿ ಬರೊವೊತ್ಗೆ ಕತ್ಲಾಯ್ತದೆ. ಹೊತ್ತು ಮುಳುಗಾದ್ರೊಳಗೆ ಮಣ್ಣಾಗ್ಬೇಕು. ಎತ್ರಪ್ಪ!”

ದೊಡ್ಡಮ್ಮ ಕೈಮುಗಿದರು. “ವಸಿ ತಡೀರಪ್ಪ. ಅಪ್ಪನ ಮಕ ಒಂದ್ಸಲ ನೋಡ್ಲಿ ಮಗಾ.”

ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ತಮಟೆ ಜೋರಾಯಿತು. ಗಂಡಸರು ಟವಲು ಸೊಂಟಕ್ಕೆ ಬಿಗಿದರು. ಆಗ ದೊಡ್ಡಮ್ಮ ನನ್ನ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ಅಂದರು: “ಲೇ ಮಗ, ನಿನ್ ಗಡಿಯಾರ ನಾಡಿ ನೋಡ್ತದೆ ಅಂತ ಊರೆಲ್ಲ ಕೊಚ್ಕತಿದ್ದಲ್ಲಾ? ಇವರ ಕೈಗೆ ಒಂದ್ಸಲ ಕಟ್ಟು. ಕೈ ಯಾಕೊ ಬೆಚ್ಚಗದೆ.”

ಅಂದು ಶೋಕಿಗೆ ಅದನ್ನು ಕಟ್ಟಿಕೊಂಡೇ ಬಂದಿದ್ದೆ. ಸಾವಿನ ಮನೆಗೆ ಶೋಕಿ ಮಾಡಿಕೊಂಡು ಹೋಗುವವನ ಯೋಗ್ಯತೆ ನಿಮಗೆ ತಿಳಿಯಿತಲ್ಲ. ಬಿಚ್ಚಿ ಕಟ್ಟಿದೆ. ಆ ಮಣಿಕಟ್ಟು ಬೆಚ್ಚಗಿರಲಿಲ್ಲ, ಮಡಕೆಯ ತಳದ ಹಾಗೆ ತಣ್ಣಗಿತ್ತು. ಬಿಳಿ ರೋಮಗಳ ಕೆಳಗೆ ಹಸಿರು ಬೆಳಕು ಹರಡಿತು, ಚರ್ಮದೊಳಗೆ ಯಾರೋ ಲಾಟೀನು ಹಿಡಿದು ಹುಡುಕುತ್ತಿದ್ದ ಹಾಗೆ. ಆಮೇಲೆ ಸಂಖ್ಯೆ ಬಂತು. ಅರವತ್ತನಾಲ್ಕು.

ಬೀರುವಿನ ಪಂಚೆ ನೆನಪಾಗಬೇಕಿತ್ತು. ಆದರೆ ನನ್ನ ನಾಲಿಗೆ ಮುಂದೆ ಓಡಿತು. ನನ್ನ ಮೈಯಲ್ಲಿ ಓಡಬಲ್ಲದ್ದು ಅದೊಂದೇ. “ಜೀವ ಅದೆ! ದೊಡ್ಡಪ್ಪಂಗೆ ಜೀವ ಅದೆ!” ಎಂದು ದೂರದ ಚಿನಕುರಳಿಯವರೆಗೂ ಕೇಳುವಂತೆ ಕೂಗಿದೆ.

ತಮಟೆ ನಿಂತಿತು. ಗುಂಡಿ ತೋಡುತ್ತಿದ್ದವರು ಹಾರೆ ಎಸೆದು ಓಡಿ ಬಂದರು. ಒಬ್ಬ ಮೂಗಿನ ಹತ್ತಿರ ಕನ್ನಡಿ ಹಿಡಿದ, ಇನ್ನೊಬ್ಬ ಈರುಳ್ಳಿ ಒಡೆದು ತಂದ. ಬೋರಣ್ಣ ಎದೆಗೆ ಕಿವಿಯಿಟ್ಟು, “ಸುಮ್ಕಿರ್ರಲಾ, ಕೇಳಕಿಲ್ಲ!” ಎಂದು ಗದರಿ ಮತ್ತೆ ಕಿವಿಯಿಟ್ಟರು. ಸಂಖ್ಯೆ ಎಪ್ಪತ್ತೊಂದಾಯಿತು, ಐವತ್ತೆಂಟಾಯಿತು. ಹಣೆಯ ಮೇಲೆ ಕಾಸು, ಗಲ್ಲಕ್ಕೆ ಬಟ್ಟೆ, ಕೈಯಲ್ಲಿ ಮಾತ್ರ ಎದೆಬಡಿತ. ಡಾಕ್ಟರಿಗೆ ಫೋನು ಹೋಯಿತು. ಅವರು ಬರುವವರೆಗೂ ಜನ ದೊಡ್ಡಪ್ಪನ ಮುಖ ಬಿಟ್ಟು ಗಡಿಯಾರದ ಮುಖ ನೋಡುತ್ತಾ ನಿಂತರು.

ಆಗಲೇ ಅದು ಗುರ್‍ರ್ ಎಂದು ನಡುಗಿತು. ಜೊತೆಗೆ ದೊಡ್ಡಪ್ಪನ ಕೈ ಅದುರಿತು. ಹೆಂಗಸರು ಚೀರಿದರು, ಶಾಮಿಯಾನದ ಒಂದು ಕಂಬ ಮುರಿಯಿತು. ನಾನು ಬಗ್ಗಿ ನೋಡಿದೆ. ಪರದೆಯ ಮೇಲೆ ಹೀಗೆ ಬರೆದಿತ್ತು: ಬಹಳ ಹೊತ್ತಿನಿಂದ ಕೂತಿದ್ದೀರಿ, ಎದ್ದು ಸ್ವಲ್ಪ ನಡೆಯಿರಿ.

ಅದನ್ನು ಜೋರಾಗಿ ಓದುವಷ್ಟು ಧೈರ್ಯ ನನಗಿರಲಿಲ್ಲ. ಇವರು ಎದ್ದು ನಡೆದೇಬಿಟ್ಟರೆ?

ಡಾಕ್ಟರು ಬಂದರು. ಮತ್ತೆ ನೋಡಿದರು, ಮತ್ತೆ ತಲೆಯಾಡಿಸಿದರು. ಗಡಿಯಾರ ಬಿಚ್ಚಿ, ದೀಪದ ಪಕ್ಕದ ತೆಂಗಿನಕಾಯಿಗೆ ಒತ್ತಿ ಹಿಡಿದರು. ಅರವತ್ತಾರು. “ಕಾಯಿ ಆರೋಗ್ಯವಾಗಿದೆ. ಇದನ್ನು ಕಟ್ಟಿದ ಮಹಾನುಭಾವ ಯಾರು?” ಎಂದರು. ಊರಿಗೆ ಊರೇ ನನ್ನ ಕಡೆ ಬೆರಳು ತೋರಿಸಿತು. ಬೋರಣ್ಣ ಚಪ್ಪಲಿ ಹುಡುಕಿದರು.

ಅಷ್ಟರಲ್ಲಿ ಬೀದಿ ತುದಿಯಲ್ಲಿ ಆಟೋ ನಿಂತು ರೂಪಕ್ಕ ಓಡಿ ಬಂದಳು. ಚಪ್ಪಲಿ, ಬೈಗುಳ ಎಲ್ಲ ಅಲ್ಲಿಗೇ ನಿಂತವು. ಅಪ್ಪನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಕಿವಿಯ ಹತ್ತಿರ ಅದೇನೋ ಹೇಳಿದಳು. ಹೊತ್ತು ಆಗಲೇ ಮುಳುಗಿತ್ತು. ಟ್ರಾಕ್ಟರಿನ ಲೈಟು ಹಾಕಿಕೊಂಡು ಮಣ್ಣು ಮಾಡಿದರು.

ಆಮೇಲೆ ನನ್ನ ಪಾಡು ಕೇಳಬೇಡಿ. ಎಲ್ಲಿ ಹೋದರೂ ಜನ ಕೈ ಚಾಚಿ, “ನಾನ್ ಬದ್ಕಿವ್ನಾ ನೋಡ್ಲಾ” ಎನ್ನುತ್ತಿದ್ದರು. ಸಮಾಧಿಗೆ ಹಾಲುತುಪ್ಪ ಬಿಡುವ ದಿನ, ಎಲ್ಲರೂ ಹೋದ ಮೇಲೆ, ಅಲ್ಲೇ ದೊಡ್ಡಮ್ಮನ ಕಾಲು ಹಿಡಿದೆ. ಆಸೆ ತೋರಿಸಿ ಕಿತ್ತುಕೊಂಡೆ, ತಪ್ಪಾಯಿತು ಎಂದೆ.

ದೊಡ್ಡಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡರು.

“ಎದ್ದೇಳ್ಲಾ. ಅವರ ಕೈ ತಣ್ಣಗಿತ್ತು ಅಂತ ನಂಗೊತ್ತಿರ್ನಿಲ್ವಾ? ಬೆಳಗ್ಗಿಂದ ಹಿಡ್ಕಂಡೇ ಕುಂತಿದ್ದೆ. ನೀನು ಬಿಚ್ಚಿ ಕಟ್ಟಿ, ಈ ಗಂಡಸ್ರು ಹೌದು ಅಲ್ಲ ಅಂತ ಕಿತ್ತಾಡೊವೊತ್ಗೆ ರೂಪ ಪಟ್ಣನಾದ್ರೂ ದಾಟ್ಲಿ ಅಂದ್ಕಂಡೆ. ನಿನ್ ಗಡಿಯಾರ ಅವಳು ಮನೆ ಮುಟ್ಟಗಂಟ ಎಳೀತು. ಒಳ್ಳೇದಾಯ್ತು ಬುಡು.”

ಸಮಾಧಿಯ ಮೇಲಿನ ಹೆಂಟೆಯೊಂದನ್ನು ಬೆರಳಲ್ಲಿ ಪುಡಿ ಮಾಡುತ್ತಾ ಅಂದರು:

“ಆಟ ಕಟ್ಟಿದ್ದು ನಾನೇ ಕಣ್ಲಾ. ಆದ್ರೂ ಆ ಕೈ ಅದುರ್ತಲ್ಲ, ಆಗ ಯಾರ್ಗೂ ಕಾಣ್ದಂಗೆ ಒಳಕ್ಕೋಗಿ ಅವರ ಕಾಫಿಗೆ ನೀರಿಟ್ಬುಟ್ಟಿದ್ದೆ.”