ಗರಡಿಗೆ ಮಣ್ಣು ಕೊಟ್ಟ ಮಂಚಯ್ಯ

ಪಾಂಡವಪುರದ ಹತ್ತಿರ ನಾಲೆ ಏರಿಯ ಕೆಳಗಿದ್ದ ಕೊಪ್ಪಲಿನಲ್ಲಿ ಮಂಚಯ್ಯನನ್ನು ಪೈಲ್ವಾನ ಅಂತ ಯಾರೂ ತಪ್ಪಿಯೂ ಕರೆದಿರಲಿಲ್ಲ. ಸಣಕಲು ಆಳು. ಜೋರಾಗಿ ಸೀನಿದರೆ ತಾನೇ ಎರಡು ಹೆಜ್ಜೆ ಹಿಂದಕ್ಕೆ ಹೋಗುವಂಥ ಮೈಕಟ್ಟು. ಆದರೂ ಊರಿನ ಗರಡಿಮನೆಯಲ್ಲಿ ಅವನಿಗಿದ್ದ ಮರ್ಯಾದೆ ಯಾವ ಪೈಲ್ವಾನನಿಗೂ ಇರಲಿಲ್ಲ. ಯಾಕೆಂದರೆ ಗರಡಿಯ ಮಟ್ಟಿಗೆ, ಅಂದರೆ ಕುಸ್ತಿಯಾಡುವ ಆ ಮೆತ್ತನೆಯ ಅಂಕಣಕ್ಕೆ, ಮಣ್ಣು ಬರುತ್ತಿದ್ದುದು ಅವನ ಹೊಲದಿಂದ. ಗರಡಿ ಕಟ್ಟಿದಾಗ ಮೊದಲ ಗಾಡಿ ಕೆಮ್ಮಣ್ಣು ಕೊಟ್ಟವನು ಅವನ ತಾತ. ಆಮೇಲೆ ಅಪ್ಪ ಕೊಟ್ಟ, ಆಮೇಲೆ ಇವನು. ಆಯುಧಪೂಜೆಯ ದಿನ ಮಟ್ಟಿ ಪೂಜೆಯಾದ ಮೇಲೆ ಮೊದಲ ತಾಂಬೂಲ ಮಣ್ಣು ಕೊಟ್ಟ ಮನೆಗೆ ಸಲ್ಲಬೇಕು. ಮೊದಲ ಜೋಡಿಯ ಹೆಗಲಿಗೆ ಮೊದಲ ಹಿಡಿ ಮಣ್ಣು ಹಾಕುವುದೂ ಆ ಮನೆಯ ಯಜಮಾನನೇ. ವರ್ಷದ ಮಿಕ್ಕ ದಿನವೆಲ್ಲ ಹೆಂಡತಿ ಜಯಲಕ್ಷ್ಮಮ್ಮನ ಮಾತಿಗೆ ಹೂಂಗುಟ್ಟಿಕೊಂಡಿರುತ್ತಿದ್ದ ಮಂಚಯ್ಯ ಆ ಒಂದು ಸಂಜೆ ಪೇಟ ಸುತ್ತಿ, ಎದೆ ಉಬ್ಬಿಸಿ, ಊರಿಗೇ ತಾನು ಗೌಡನೆಂಬಂತೆ ನಡೆಯುತ್ತಿದ್ದ.

ಆ ಹೊಲಕ್ಕೆ ಗರಡಿ ಹೊಲ ಅಂತಲೇ ಹೆಸರು. ತಾತನ ಕಾಲದಲ್ಲಿ ಅದರಲ್ಲಿ ರಾಗಿ, ಎಳ್ಳು. ಕನ್ನಂಬಾಡಿ ಕಟ್ಟೆಯ ನೀರು ನಾಲೆಯಲ್ಲಿ ಬಂದ ಮೇಲೆ ಅಪ್ಪ ವರ್ಷಕ್ಕೊಂದು ಬೆಳೆ ಭತ್ತ ಬೆಳೆದು, ಬೇಸಿಗೆಯಲ್ಲಿ ಒಣಗಲು ಬಿಡುತ್ತಿದ್ದ. ಮಂಚಯ್ಯನಿಗೆ ಅಷ್ಟು ತಾಳ್ಮೆ ಎಲ್ಲಿಯದು? ನಾಲೆಯಲ್ಲಿ ನೀರು ಹರಿಯುತ್ತಿರುವಾಗ ತನ್ನ ತೂಬು ಮುಚ್ಚಿರುವುದನ್ನು ಕಂಡರೆ ಅವನು ನೀರಗಂಟಿಯ ಮನೆಗೆ ಓಡುತ್ತಿದ್ದ. ಕಬ್ಬು ಕಡಿದ ಮೇಲೆ ಭತ್ತ, ಭತ್ತ ಕೊಯ್ದ ಮೇಲೆ ಮತ್ತೆ ಕಬ್ಬು. ನೀರಗಂಟಿಗೆ ಬೀಡಿ, ಬಾಳೆಹಣ್ಣು, ಹಬ್ಬಕ್ಕೆ ಹೋಳಿಗೆ ಕೊಟ್ಟು, ತನ್ನ ಸರದಿಯಲ್ಲದ ದಿನವೂ ತೂಬು ಎತ್ತಿಸಿಕೊಳ್ಳುತ್ತಿದ್ದ. ಬಂದ ನೀರು ಹೊರಗೆ ಹೋಗಲು ಅಪ್ಪ ತೋಡಿದ್ದ ಬಸಿಗಾಲುವೆಯನ್ನು ಮುಚ್ಚಿ, ಅದರ ಮೇಲೂ ಎರಡು ಸಾಲು ಕಬ್ಬು ಹಾಕಿದ. ಬಂದ ನೀರನ್ನು ಹೊರಗೆ ಬಿಡುವವನು ಅವನ ಲೆಕ್ಕದಲ್ಲಿ ಶುದ್ಧ ದಡ್ಡ.

ನಾಗಮಂಗಲದ ಕಡೆಯ ಅವನ ಬಾಮೈದ ಸಿದ್ದರಾಜು ಅಕ್ಕನ ಮನೆಗೆ ಬಂದಾಗಲೆಲ್ಲ ಈ ನೀರಿನ ಪುರಾಣ ಕೇಳಲೇಬೇಕಿತ್ತು. ಸಿದ್ದರಾಜುವಿನದು ಮಳೆ ನಂಬಿದ ಕೆಂಪು ಹೊಲ. ರಾಗಿ, ಹುರುಳಿ, ಅವರೆ.

“ನಿಮ್ಮೂರಲ್ಲಿ ಕೋಳಿ ಕಾಲು ಕೆರೆದ್ರೆ ಧೂಳೇಳ್ತದೆ ಕಣ್ಲಾ. ಇಲ್ ನೋಡು, ಕಾಲಿಟ್ರೆ ಮೊಣಕಾಲಗಂಟ ಇಳೀತದೆ!” ಎಂದು ಮಂಚಯ್ಯ ಹೇಳುತ್ತಿದ್ದ.

“ಊಂ ಬಾವ,” ಎಂದು ಸಿದ್ದರಾಜು ಹಿಂದಿನ ಸಲ ಆ ಕೆಸರಿನಲ್ಲಿ ಕಳೆದುಕೊಂಡಿದ್ದ ಚಪ್ಪಲಿಯನ್ನು ನೆನೆಯುತ್ತಿದ್ದ.

ಹೊಲ ತನ್ನ ಅವಸ್ಥೆಯನ್ನು ಹೇಳದೇ ಏನೂ ಇರಲಿಲ್ಲ. ಕೆಂಪಗಿದ್ದ ಮಣ್ಣು ವರ್ಷ ವರ್ಷಕ್ಕೂ ಬೂದಿ ಬಣ್ಣಕ್ಕೆ ತಿರುಗಿತು. ಬೇಸಿಗೆಯ ಬೆಳಿಗ್ಗೆ ಬದುವಿನ ಮೇಲೆ ಬೆಳ್ಳಗೆ, ರಂಗೋಲಿ ಪುಡಿ ಚೆಲ್ಲಿದ ಹಾಗೆ ಏನೋ ಹೊರಡುತ್ತಿತ್ತು. ಕಬ್ಬು ಸೊಂಟದೆತ್ತರಕ್ಕೇ ಹಳದಿಯಾಗಿ ನಿಂತಿತು. ಆಲೆಮನೆಯಿಂದ ಬಂದ ಬೆಲ್ಲ ಉಪ್ಪುಪ್ಪು. ಯುಗಾದಿಯ ಪಾಯಸ ಬಾಯಿಗಿಟ್ಟು ಮನೆಮಂದಿಯೆಲ್ಲ ಮುಖಮುಖ ನೋಡಿಕೊಂಡಾಗ ಮಂಚಯ್ಯ ಆಲೆಮನೆಯವನನ್ನು ಬೈದ. ಬದು ಬೆಳ್ಳಗಾದದ್ದಕ್ಕೆ ಇಬ್ಬನಿಯನ್ನು ಬೈದ. ಕಬ್ಬಿಗೆ ಬಾಯಾರಿಕೆಯಾಗಿದೆ ಎಂದು ಇನ್ನಷ್ಟು ನೀರು ಬಿಟ್ಟ.

ಒಂದು ದಿನ ಊರಿನ ಬಟ್ಟೆ ಒಗೆಯುವ ಚಲುವಮ್ಮ ಮಂಕರಿ ಹಿಡಿದು ಬದುವಿನ ಮೇಲೆ ಕೂತಿದ್ದಳು.

“ಏನಮ್ಮಿ ಅದು?”

“ನಿಮ್ಮ ಮೂಲೆ ಗದ್ದೆ ಮಣ್ಣು ಗೌಡ್ರೇ. ಒಂದೀಟ್ ನೀರಲ್ಲಿ ಕಲಸಿ ಬಟ್ಟೆ ನೆನೆ ಆಕುದ್ರೆ ಎಂಥಾ ಕೊಳೆನೂ ನಿಲ್ಲಾಕಿಲ್ಲ. ಚೌಳು ಅಂದ್ರೆ ಇಂಗಿರ್ಬೇಕು. ನಮ್ಮವ್ವನ ಕಾಲದಲ್ಲಿ ಇಂಥಾದ್ನ ಉಡಿಕ್ಕೊಂಡು ದೂರ ಓಗೋವ್ರು.”

ಅವಳು ಹೊಗಳಿದ್ದು ಮನಸಾರೆ. ಮಂಚಯ್ಯನಿಗೆ ಮಾತ್ರ ಮೈಯೆಲ್ಲ ಉರಿಯಿತು. ಪೈಲ್ವಾನರು ಹಣೆಗೆ ಹಚ್ಚಿಕೊಳ್ಳುವ ಮಣ್ಣನ್ನು ಲಂಗೋಟಿ ಒಗೆಯಲು ಕೇಳುತ್ತಾಳಲ್ಲ! ಚೌಳು, ಅಂದರೆ ಉಪ್ಪೇರಿ ಸತ್ತ ನೆಲ, ಅನ್ನುವ ಮಾತು ತನ್ನ ಹೊಲದ ಮೇಲೆ ಬೀಳಕೂಡದು ಎಂದು ಗದರಿಸಿ ಕಳಿಸಿದ. ಅವಳು ಮಾರನೇ ದಿನ ಅವನಿಲ್ಲದ ಹೊತ್ತು ನೋಡಿಕೊಂಡು ಬಂದಳು, ಮಂಕರಿ ಸ್ವಲ್ಪ ದೊಡ್ಡದಾಗಿತ್ತು.

ಗರಡಿಯಲ್ಲಿ ಇದು ಇಷ್ಟು ದಿನ ಬಯಲಾಗದೆ ಉಳಿದದ್ದಕ್ಕೆ ಕಾರಣವಿತ್ತು. ಮಟ್ಟಿಯ ಮಣ್ಣನ್ನು ಪ್ರತಿ ವರ್ಷ ಪೂರ್ತಿ ಬದಲಾಯಿಸುವುದಿಲ್ಲ. ತಾತ, ಅಪ್ಪ ಕೊಟ್ಟ ಹಳೆಯ ಕೆಮ್ಮಣ್ಣಿಗೆ ಒಂದೆರಡು ಮಂಕರಿ ಹೊಸದು ಸೇರಿಸುತ್ತಿದ್ದರು ಅಷ್ಟೆ. ಆದರೆ ಕಟ್ಟೆ ಕೋಡಿ ಬೀಳುವಂತೆ ಮಳೆ ಹೊಡೆದ ಆ ವರ್ಷ, ತೊಂಬತ್ತರ ದಶಕದ ನಡುವಿನ ಒಂದು ಶ್ರಾವಣದಲ್ಲಿ, ಗರಡಿಯ ಚಾವಣಿ ಕುಸಿದು ಹೆಂಚು, ಗಾರೆ, ಗಾಜಿನ ಚೂರು ಎಲ್ಲ ಮಟ್ಟಿಯೊಳಗೆ ಬಿತ್ತು. ಹಳೆಯ ಮಣ್ಣನ್ನೆಲ್ಲ ಎತ್ತಿ ಹಾಕಬೇಕಾಯಿತು. ಗರಡಿಯ ಉಸ್ತಾದ ಕರಿಯಯ್ಯ ಕೆಮ್ಮಿ ಗಂಟಲು ಸರಿಮಾಡಿಕೊಂಡು ಮಂಚಯ್ಯನ ಜಗಲಿಗೆ ಬಂದ.

“ಮಂಚಣ್ಣ, ಈ ಸರ್ತಿ ನಿಮ್ಮ ಬಾಮೈದನ ಒಲದಿಂದ ಕೆಮ್ಮಣ್ ತರಾನ ಅಂತಿದೀನಿ. ಬೇಜಾರ್ ಮಾಡ್ಕಬೇಡ.”

“ಅಂದ್ರೆ ತಾಂಬೂಲ?”

ಕರಿಯಯ್ಯ ಕಂಬವನ್ನು ನೋಡಿದ. “ಮಣ್ ಕೊಟ್ಟೋರ್ಗೆ.”

ಮೂರು ತಲೆಮಾರಿನ ಮರ್ಯಾದೆ ನಾಗಮಂಗಲಕ್ಕೆ ಹೋಗುವುದು, ಅದೂ ಆ ಸಿದ್ದರಾಜುವಿನ ಕೈಗೆ ಹೋಗುವುದು ಮಂಚಯ್ಯನಿಗೆ ತಡೆಯಲಾಗಲಿಲ್ಲ. ನಿಜ ಹೇಳಬೇಕೆಂದರೆ ತಾಂಬೂಲಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು: ಗರಡಿಯೇ ಬೇಡ ಅಂದ ಮೇಲೆ ತನ್ನ ಹೊಲ ಕೆಟ್ಟಿದೆ ಎಂದು ಊರೇ ಮುದ್ರೆ ಒತ್ತಿದ ಹಾಗೆ. ಪಂಚೆ ಕೊಡವಿಕೊಂಡು ಎದ್ದ. “ನಮ್ಮ ತಾತ ಕೊಟ್ಟ ಮಾತು. ಮಣ್ ನಂದೇ. ಅದು ಸರಿ ಇಲ್ದೋದ್ರೆ ನಾನ್ ಇನ್ ಗರಡಿ ವಸ್ಲು ತುಳಿಯಾಕಿಲ್ಲ!” ಎಂದುಬಿಟ್ಟ.

ಮಣ್ಣು ಅಗೆಯಲು ಹೋದರೆ ಹಸಿಯಾಗಿದ್ದಾಗ ಅಂಟು, ಒಣಗಿದರೆ ಕಲ್ಲು. ಹೆಂಟೆಗಳನ್ನು ಕೊಡತಿಯಲ್ಲಿ ಹೊಡೆದು, ಜರಡಿ ಹಿಡಿದು, ಬೆಳ್ಳಗಿದ್ದುದನ್ನು ಕಣ್ಣಿಗೆ ಬೀಳದಂತೆ ತಳ್ಳಿ, ಅಂತೂ ಮಟ್ಟಿ ತುಂಬಿಸಿದ. ಬಣ್ಣ ಮಾತ್ರ ಒಲೆಯ ಬೂದಿಯದ್ದೇ. ಮೆತ್ತಗಾಗಲಿ ಎಂದು ಮನೆಯಲ್ಲಿ ಹಳತಾಗಿ ಕಮಟು ನಾರುತ್ತಿದ್ದ ಎಳ್ಳೆಣ್ಣೆಯ ಡಬ್ಬವನ್ನೂ ಸುರಿದ. ಆಮೇಲೆ ವಾಡಿಕೆಯಂತೆ ಅರಿಸಿನ ಹಾಕಿ ನೀರು ಚಿಮುಕಿಸಿದ.

ಆಗ ನಡೆಯಿತು ಪವಾಡ. ನೀರು ಬಿದ್ದಲ್ಲೆಲ್ಲ ಅರಿಸಿನ ಕೆಂಪಗೆ, ಕುಂಕುಮದಂತೆ ತಿರುಗಿತು. ಮಂಚಯ್ಯ ನಿಂತಲ್ಲೇ ಕೈಮುಗಿದ. “ನೋಡ್ರಲಾ! ತಾಯಿ ಬಣ್ಣ ಕೊಟ್ಲು! ತಾತನ ಕೆಮ್ಮಣ್ಣು ವಾಪಸ್ ಬಂತು!” ಹುಡುಗರು ಕರ್ಪೂರ ತಂದರು. ಕರಿಯಯ್ಯನೂ ಗೊಂದಲದಲ್ಲಿ ಒಂದು ಕಾಯಿ ಒಡೆದ.

ಮನೆಗೆ ಬಂದು ಹೇಳಿದಾಗ ಜಯಲಕ್ಷ್ಮಮ್ಮ ಮೊರದಿಂದ ತಲೆ ಎತ್ತಲಿಲ್ಲ. “ಅರಿಸ್ನಕ್ಕೆ ಸುಣ್ಣ ಬಿದ್ರೂ ಕೆಂಪಾಯ್ತದೆ. ಆರತಿ ನೀರ್ ನಾನು ದಿನಾ ಮಾಡಾಕಿಲ್ವಾ? ಆ ಮಣ್ಣಲ್ಲೂ ಅಂಥಾದ್ದೇ ಏನೋ ಗುಣ ಅದೆ. ತಾಯಿ ಗೀಯಿ ಅಂತ ಊರ್ಗೆಲ್ಲ ಸಾರ್ಕಂಡ್ ಬಂದ್ರಾ?”

“ಸುಮ್ಕಿರಮ್ಮಿ. ನಿಂಗೆ ತಮ್ಮನ ಮೇಲೆ ಪಿರೂತಿ,” ಎಂದ ಮಂಚಯ್ಯ.

ಆಯುಧಪೂಜೆಯ ಸಂಜೆ ಗರಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೊದಲ ಜೋಡಿ ಶ್ರೀರಂಗಪಟ್ಟಣದ ಒಬ್ಬ ದಪ್ಪ ಪೈಲ್ವಾನ, ಪಾಂಡವಪುರದ ಇನ್ನೊಬ್ಬ ಅದಕ್ಕಿಂತ ದಪ್ಪದವನು. ಅಕ್ಕನ ಮನೆ ಹಬ್ಬಕ್ಕೆ ಬಂದಿದ್ದ ಸಿದ್ದರಾಜುವೂ ಕಂಬಕ್ಕೊರಗಿ ನಿಂತಿದ್ದ. ಮಂಚಯ್ಯ ಪೇಟ ಸರಿಮಾಡಿಕೊಂಡು ತಾಂಬೂಲ ಇಸಕೊಂಡ, ಬಾಮೈದನಿಗೆ ಕಾಣುವಂತೆ ತಿರುಗಿ ನಿಂತ, ಎರಡೂ ಹೆಗಲಿಗೆ ಮಣ್ಣು ಹಾಕಿದ. ಹೊಸ ಚಾವಣಿಗೆ ಹೆಂಚು ಇನ್ನೂ ಪೂರ್ತಿ ಹೊದಿಸಿರಲಿಲ್ಲ, ಸಣ್ಣಗೆ ಹನಿ ಬೀಳಲು ಶುರುವಾಯಿತು.

ಮೊದಲು ಕೈ ಜಾರಿತು. ಪೈಲ್ವಾನರು ಹಿಡಿತಕ್ಕೆಂದು ಮಟ್ಟಿಯ ಮಣ್ಣನ್ನೇ ತೆಗೆದು ಒಬ್ಬರ ಮೈಗೊಬ್ಬರು ಉಜ್ಜಿದರು. ಉಜ್ಜಿದಷ್ಟೂ ಜಾರಿತು. ಬೆವರು, ಹನಿ, ಎಳ್ಳೆಣ್ಣೆ, ಚೌಳು ಎಲ್ಲ ಸೇರಿ ಶ್ರೀರಂಗಪಟ್ಟಣದವನ ಬೆನ್ನ ಮೇಲೆ ನೊರೆ ಎದ್ದಿತು. ಪಾಂಡವಪುರದವನು ಅವನ ಸೊಂಟ ಹಿಡಿದು ಎತ್ತಲು ಹೋದರೆ ಸೊಂಟ ಅವನ ತೋಳಿನಿಂದ ಮೇಲಕ್ಕೆ ನುಣುಚಿಕೊಂಡು, ಆಸಾಮಿ ಪೂಜೆಗಿಟ್ಟ ಗದೆಗಳ ಮಧ್ಯೆ ಹೋಗಿ ಕೂತ. ಅವನನ್ನು ಎಬ್ಬಿಸಲು ಬಂದ ಕರಿಯಯ್ಯ ಒಂದು ಹೆಜ್ಜೆ ಇಟ್ಟದ್ದೇ ಕಂಡದ್ದು. ಎರಡನೆಯದು ಇಡುವ ಅಗತ್ಯ ಬೀಳಲಿಲ್ಲ, ಮಟ್ಟಿಯ ಆ ಕೊನೆಗೆ ತಾನಾಗಿಯೇ ತಲುಪಿದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. “ಕುಸ್ತಿ ಆಮೇಲಾಗ್ಲಿ, ಸೀಗೆಪುಡಿ ಕೊಡ್ರಲಾ!” ಎಂದು ಯಾರೋ ಕೂಗಿದರು. ಕಡೆಗೆ ಪೈಲ್ವಾನರಿಬ್ಬರೂ ಒಬ್ಬರನ್ನೊಬ್ಬರು ಹಿಡಿಯಲಾಗದೆ ಹೊರಬಂದರು. ಹುಟ್ಟಿದಂದಿನಿಂದ ಅವರ ಮೈ ಅಷ್ಟು ಲಕಲಕ ಹೊಳೆದಿರಲಿಲ್ಲ.

ಹೆಂಗಸರ ಗುಂಪಿನಿಂದ ಚಲುವಮ್ಮನ ಗಂಟಲು ಎಲ್ಲಕ್ಕಿಂತ ಮೇಲೆ ಕೇಳಿಸಿತು. “ನಾನು ಏಳ್ನಿಲ್ವಾ? ನಮ್ ಗೌಡ್ರ ಚೌಳಿನ್ ಮುಂದೆ ಯಾವ್ ಸೋಪೂ ಇಲ್ಲ!” ಅವಳಿಗೆ ನಿಜಕ್ಕೂ ಹೆಮ್ಮೆ.

ಮಂಚಯ್ಯ ತಾಂಬೂಲದ ತಟ್ಟೆಯನ್ನು ಕರಿಯಯ್ಯನ ಪಕ್ಕ ಇಟ್ಟು, ಪೇಟ ಬಿಚ್ಚಿ ಕಂಕುಳಲ್ಲಿಟ್ಟುಕೊಂಡು ಹೊರಟ. ನೇರ ಹೊಲಕ್ಕೆ ಹೋಗಿ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತ. ಹುಡುಕಿಕೊಂಡು ಬಂದ ಜಯಲಕ್ಷ್ಮಮ್ಮನಿಗೆ ಗಂಡ ಅಳುತ್ತಿರುವುದು ಕಂಡಿತು. ಅವಳೂ ಪಕ್ಕದಲ್ಲೇ ಕೂತಳು.

“ನಾನೇನ್ ಕಮ್ಮಿ ಮಾಡಿದ್ನಮ್ಮಿ ಇದ್ಕೆ? ಒಂದ್ ದಿನ ಒಣಗಾಕ್ ಬುಡ್ನಿಲ್ಲ.”

“ಅದೇ ಕಣಾ. ವಟ್ಟೆ ತುಂಬ್ದ ಮಗೀಗೆ ಬಾಯಿ ಬುಡ್ಸಿ ಬುಡ್ಸಿ ತುರುಕುದ್ರೆ ಕಕ್ಕ್ದೆ ಇನ್ನೇನ್ ಮಾಡ್ತದೆ? ನೀರ್ ನಿಂತು ನಿಂತು ತಳದ ಉಪ್ಪೆಲ್ಲ ಮೇಲಕ್ ಬಂದದೆ. ಮಾವ ತೋಡಿದ್ದ ಕಾಲ್ವೆ ಇದ್ದಿದ್ರೆ ಇಳ್ಕಂಡ್ ಓಗದು.”

ಆ ಬೇಸಿಗೆ ಮಂಚಯ್ಯ ಅಪ್ಪನ ಬಸಿಗಾಲುವೆಯನ್ನು ಮತ್ತೆ ತೋಡಿದ. ಕೃಷಿ ಇಲಾಖೆಯವರು ಹೇಳಿದಂತೆ ಜಿಪ್ಸಂ ಚೆಲ್ಲಿ, ನೀರು ನಿಲ್ಲಿಸಿ ಬಸಿದು, ಹಸಿರೆಲೆ ಗೊಬ್ಬರಕ್ಕೆ ಬಿತ್ತಿದ. ಅದಕ್ಕಿಂತ ಕಷ್ಟದ ಕೆಲಸ ಸರದಿ ಬಂದಾಗಲೂ ತೂಬು ಮುಟ್ಟದೆ ಇರುವುದು. ಅಂಥ ದಿನ ಜಯಲಕ್ಷ್ಮಮ್ಮ ಅವನನ್ನು ಜಗಲಿಯ ಮೇಲೆ ಕೂರಿಸಿ ಅವರೆಕಾಯಿ ಬಿಡಿಸಲು ಕೊಡುತ್ತಿದ್ದಳು. ಸರಿಹೋಗಲು ವರ್ಷಗಳೇ ಬೇಕು ಎಂದು ಇಲಾಖೆಯವರು ಹೇಳಿದ್ದರು, ಮಂಚಯ್ಯನೂ ಒಪ್ಪಿಕೊಂಡಿದ್ದ.

ಮುಂದಿನ ದಸರೆಗೆ ಗರಡಿಗೆ ಸಿದ್ದರಾಜುವಿನ ಮಣ್ಣು ಟ್ರಾಕ್ಟರಿನಲ್ಲಿ ಬಂತು. ಆಡಿದ ಮಾತಿಗೆ ಕಟ್ಟುಬಿದ್ದು ಮಂಚಯ್ಯ ಹೊಸ್ತಿಲು ತುಳಿಯದೆ ಹೊರಗೆ ಕಿಟಕಿಯ ಬಳಿ ನಿಂತು ನೋಡಿದ. ಮಣ್ಣು ಕರಿಯಯ್ಯನ ಬೆರಳ ಸಂದಿಯಲ್ಲಿ ರವೆಯಂತೆ ಉದುರುತ್ತಿತ್ತು. ಹೊಟ್ಟೆ ಉರಿಯಿತು ಅನ್ನುವುದನ್ನು ಮುಚ್ಚಿಡುವುದೇಕೆ, ಉರಿಯಿತು. ಆದರೂ ಒಳ್ಳೆಯ ಮಣ್ಣು ಅಂತ ಬಾಯಿಬಿಟ್ಟು ಹೇಳಿದ.

ತಾಂಬೂಲ ಹಿಡಿದು ಬಂದ ಸಿದ್ದರಾಜು ಕುಣಿಯುತ್ತಿದ್ದ. “ಬಾವ, ಏಮಾವತಿ ನಾಲೆ ನಮ್ಮೂರ್ ತಂಕ ಬತ್ತದಂತೆ! ಗುರುತಿನ ಕಲ್ಲು ನೆಟ್ಟವ್ರೆ. ಬರ್ಲಿ ನೋಡಿ, ಕಬ್ಬಾಕಿ ಅಗ್ಲೂ ರಾತ್ರಿ ನೀರ್ ಕಟ್ತೀನಿ.”

ಮಂಚಯ್ಯ ಅವನ ತೋಳು ಹಿಡಿದ. “ಲೋ ಸಿದ್ದರಾಜ, ಮೊದ್ಲು ಬಸಿಗಾಲ್ವೆ ತೋಡ್ಲಾ. ನಿನ್ ಮಣ್ಣೂ ಓಯ್ತು ಅಂದ್ರೆ ಗರಡಿಗೆ ಎಲ್ಲಿಂದ ತರಾದು?”

“ನಿಮ್ಗೆ ವಟ್ಟೆಕಿಚ್ಚು ಬಾವ,” ಎಂದು ಸಿದ್ದರಾಜು ನಕ್ಕ. ಹೇಳಿ ಪ್ರಯೋಜನವಿಲ್ಲ ಎಂಬುದು ಈ ಭೂಮಿಯ ಮೇಲೆ ಮಂಚಯ್ಯನಿಗೆ ಗೊತ್ತಿದ್ದಷ್ಟು ಯಾರಿಗೂ ಗೊತ್ತಿರಲಾರದು.

ಹಬ್ಬ ಮುಗಿದ ವಾರದಲ್ಲೇ ಅವನು ಗುದ್ದಲಿಗೆ ಗೋಣಿಚೀಲ ಸುತ್ತಿಕೊಂಡು ನಾಗಮಂಗಲದ ಬಸ್ಸು ಹತ್ತಿದ. ಬಾಮೈದ ಎಷ್ಟು ಬೈದರೂ ಕೇಳದೆ ಹೊಲದ ತಗ್ಗಿನ ಅಂಚಿನಲ್ಲಿ ಕಾಲುವೆ ತೋಡಲು ನಿಂತ. ಸುತ್ತ ಎಲ್ಲಿ ನೋಡಿದರೂ ಒಣ ಕೆಂಪು ನೆಲ, ಒಂದು ತೊಟ್ಟು ನೀರಿಲ್ಲ. ರಸ್ತೆಯಲ್ಲಿ ಹೋಗುವವರು ಸೈಕಲ್ ನಿಲ್ಲಿಸಿ ನೋಡಿದರು. ಒಬ್ಬ ನಗು ತಡೆಯಲಾರದೆ ಕೇಳಿದ: “ಗೌಡ್ರೇ, ನೀರ್ ಬರಾಕ್ ಕಾಲ್ವೆನಾ?”

“ಬರಾಕಲ್ಲ ಕಣಪ್ಪ,” ಎಂದು ಮಂಚಯ್ಯ ಬೆವರು ಒರೆಸಿಕೊಂಡ. “ಓಗಾಕೆ.”