ಮೂರನೇ ಸ್ವರ

ಜೊಂಡಿನ ನಡುವೆ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅರವತ್ತು ದಾಟಿದ ಹೆಂಗಸೊಬ್ಬರು ರಬ್ಬರ್ ಬೂಟು ಹಾಕಿಕೊಂಡು ಕೆರೆಯಂಚಿನ ಕೆಸರಿನಲ್ಲಿ ನಿಂತು, ಎರಡು ಕೋಲುಗಳ ನಡುವೆ ಕಂಡೂ ಕಾಣದಂಥ ಬಲೆ ಕಟ್ಟುತ್ತಿದ್ದಾರೆ. ಬಲೆಯ ಬುಡದಲ್ಲಿ ಪುಟ್ಟದೊಂದು ಸ್ಪೀಕರ್. ಅದರಿಂದ ಹಳೆಯ ಟೇಪಿನ ಕರಕರ ಸದ್ದಿನ ಜೊತೆ ಹಕ್ಕಿಯ ಹಾಡು ಹೊರಡುತ್ತದೆ. ತನ್ನ ಜಾಗಕ್ಕೆ ಇನ್ನೊಂದು ಗಂಡು ಬಂತೆಂದು ಹಕ್ಕಿ ಜಗಳಕ್ಕೆ ಬರಬೇಕು, ಬಲೆಗೆ ಬೀಳಬೇಕು. ಲೆಕ್ಕಾಚಾರ ಇಷ್ಟೇ.

ಸ್ವಲ್ಪ ಹೊತ್ತಿಗೆ ಜೊಂಡಿನೊಳಗಿಂದ ಉತ್ತರ ಬರುತ್ತದೆ. ಅದೇ ಹಾಡು. ಇದನ್ನು ಹಾಡುವ ಒಂದು ಹಕ್ಕಿಗಾಗಿ ಅವರು ವರ್ಷಗಟ್ಟಲೆ ಕಾದಿದ್ದಾರೆಂದು ಅವರ ಬಗ್ಗೆ ಬರೆಯಲು ಬಂದಿರುವ ನನಗೆ ಗೊತ್ತು; ಸಿಕ್ಕಿತೇ ಎಂದು ಕೇಳಲು ಬಾಯಿ ತೆರೆಯುತ್ತೇನೆ. ಅವರು ಬೆರಳೆತ್ತಿ ನನ್ನನ್ನು ಸುಮ್ಮನಿರಿಸಿ, ಹಾಡು ಮುಗಿದ ಮೇಲೂ ಕಿವಿಗೊಟ್ಟು ನಿಲ್ಲುತ್ತಾರೆ. ಮತ್ತೇನೂ ಕೇಳಿಸುವುದಿಲ್ಲ. ಬೆರಳು ಮೆಲ್ಲಗೆ ಕೆಳಗಿಳಿಯುತ್ತದೆ.

"ಆಯ್ತು. ಆದ್ರೂ ರಕ್ತ ನೋಡೋಣ," ಅನ್ನುತ್ತಾರೆ.

ಬಲೆಗೆ ಬಿದ್ದದ್ದು ಹೆಬ್ಬೆರಳಿನಷ್ಟೇ ಇರುವ ಕಂದು ಹಕ್ಕಿ, ಹೋದ ವರ್ಷ ಮೊಟ್ಟೆಯೊಡೆದ ಮರಿ. ಅದರ ಕತ್ತನ್ನು ಎರಡು ಬೆರಳ ಸಂದಿಯಲ್ಲಿ ನೋವಾಗದಂತೆ ಹಿಡಿದು, ರೆಕ್ಕೆ ಬಿಡಿಸಿ, ಸೂಜಿ ಮೊನೆಯಷ್ಟು ಚುಚ್ಚಿ ಒಂದು ಹನಿ ರಕ್ತವನ್ನು ಕಾಗದಕ್ಕೆ ಇಳಿಸುತ್ತಾರೆ. ಹಕ್ಕಿ ಸುಧಾರಿಸಿಕೊಳ್ಳಲು ಬಟ್ಟೆ ಚೀಲದೊಳಗೆ ಹೋಗುತ್ತದೆ. ಚೀಲಕ್ಕೆ ಹೂವಿನ ಚಿತ್ತಾರವಿದೆ; ಮನೆಯಲ್ಲಿರುವ ಅವರ ಅಕ್ಕ ಹಳೆಯ ದಿಂಬಿನ ಕವರುಗಳಿಂದ ಹೊಲಿದುಕೊಟ್ಟದ್ದು.

ಇವರು ಪಕ್ಷಿವಿಜ್ಞಾನಿ. ಹಕ್ಕಿಯ ರಕ್ತದಿಂದ ಡಿಎನ್ಎ ಓದಿ ವಂಶ ಹೇಳುವ ಮಾಲಿಕ್ಯುಲರ್ ಬಯಾಲಜಿಯೂ ಇವರದೇ ಕಸುಬು. ಎರಡು ದೋಣಿಗೆ ಕಾಲಿಟ್ಟವರ ಪಾಡು ಗೊತ್ತಲ್ಲ. ಹಕ್ಕಿ ನೋಡುವವರು ಇವರನ್ನು 'ಲ್ಯಾಬಿನವರು' ಅಂತ ದೂರ ಇಡುತ್ತಾರೆ, ಲ್ಯಾಬಿನವರು 'ಕೆಸರು ಬೂಟಿನವರು' ಅಂತ ಮೂಗು ಮುರಿಯುತ್ತಾರೆ. ಕೆರೆಯ ಬೀದಿಯ ಜನಕ್ಕೆ ಮಾತ್ರ ಇವರು ಹಕ್ಕಿ ಮೇಡಂ.

ಅಪ್ಪ ರೇಡಿಯೋ ರಿಪೇರಿ ಮಾಡುತ್ತಿದ್ದವರು. ಹಕ್ಕಿಗಳ ಹಿಂದೆ ಅಲೆಯುತ್ತಿದ್ದ ಮಗಳ ಕೈಗೆ ಟೇಪ್ ರೆಕಾರ್ಡರ್ ಕೊಟ್ಟರು, ಹೊಸ ಕ್ಯಾಸೆಟ್ ಕೊಡಲಿಲ್ಲ. ಗಿರಾಕಿಗಳು ಬಿಟ್ಟುಹೋದ ಕ್ಯಾಸೆಟ್ಟುಗಳ ಕೊನೆಯಲ್ಲಿ ಉಳಿದ ಖಾಲಿ ಜಾಗದಲ್ಲೇ ಹಕ್ಕಿಗಳು ಹಾಡಬೇಕಿತ್ತು. ಮುಂದೆ ಲ್ಯಾಬಿನಲ್ಲಿ ಗಾಜಿನ ನಳಿಕೆ ತೊಳೆಯುವ ಕೆಲಸಕ್ಕೆ ಸೇರಿ, ತೊಳೆಯುತ್ತಲೇ ಓದಿ, ಡಾಕ್ಟರೇಟ್ ಪಡೆದರು. ಕೆಲಸ ಮಾತ್ರ ಕೊನೆಯವರೆಗೂ ಗುತ್ತಿಗೆಯದೇ.

ಆ ಹೊತ್ತಿಗೆ ಈ ಕೆರೆಯ ಕಂದು ಹಕ್ಕಿ ಅಳಿವಿನ ಅಂಚಿಗೆ ಬಂದಿತ್ತು. ಗುಡ್ಡದಾಚೆಯ ಕೆರೆಯಲ್ಲಿ ಹಾಗೇ ಕಾಣುವ ಹಕ್ಕಿಗಳು ಬೇಕಾದಷ್ಟಿದ್ದವು. ಅವನ್ನು ಇಲ್ಲಿಗೆ ತಂದು ಬಿಡಬಹುದೇ ಎಂದು ಸರ್ಕಾರ ಇವರನ್ನು ಕೇಳಿತು. ಇವರು ತಾಯಿಯಿಂದ ಮಾತ್ರ ಮಕ್ಕಳಿಗೆ ಬರುವ ಡಿಎನ್ಎಯನ್ನು ಎರಡರಲ್ಲೂ ಓದಿ ನೋಡಿದರು. ಆಗ ಎಲ್ಲರೂ ಮಾಡುತ್ತಿದ್ದದ್ದು ಅದನ್ನೇ. ಒಂದು ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಎರಡೂ ಒಂದೇ ಜಾತಿ, ತನ್ನಿ ಎಂದರು. ತಂದರು. ಹಕ್ಕಿಗಳು ಜೋಡಿಯಾದವು, ಕೆರೆ ತುಂಬಿತು, ಎಲ್ಲರೂ ಭೇಷ್ ಅಂದರು.

ಪೂರ್ತಿ ಡಿಎನ್ಎ ಓದುವ ಯಂತ್ರ ಬಂದದ್ದು ಆಮೇಲೆ. ಹಳೆಯ ರಕ್ತದ ಕಲೆಗಳನ್ನು ಇವರೇ ತೆಗೆದು ಮತ್ತೆ ಓದಿದರು. ಯಾವುದೋ ಕಾಲದಲ್ಲಿ ಆಚೆ ಕೆರೆಯ ಕೆಲವು ಹೆಣ್ಣುಗಳು ಇಲ್ಲಿಗೆ ಹಾರಿಬಂದಿದ್ದವು; ತಾಯಿ ಕಡೆಯ ಡಿಎನ್ಎ ಒಂದೇ ಆಗಿದ್ದದ್ದು ಅದರಿಂದ, ಅಷ್ಟೇ. ಉಳಿದದ್ದೆಲ್ಲ ಬೇರೆ. ಈ ಕೆರೆಯದು ಲೋಕದಲ್ಲಿ ಬೇರೆಲ್ಲೂ ಇಲ್ಲದ ಜಾತಿ. ಗೊತ್ತಾಗುವ ಹೊತ್ತಿಗೆ ಕೆರೆಯ ತುಂಬ ಬೆರಕೆ ಮರಿಗಳು.

"ತಾಯಿ ಕಡೆಯವರನ್ನ ಮಾತ್ರ ವಿಚಾರಿಸಿ ಸಂಬಂಧ ಕುದುರಿಸ್ದೆ," ಅನ್ನುತ್ತಾರೆ. "ತಂದೆ ಮನೆ ಯಾವ್ದು ಅಂತ ಕೇಳ್ಲೇ ಇಲ್ಲ. ಹಾಡು ಬೇರೆ ಥರ ಇತ್ತು, ಅದೂ ನನ್ನ ಕಿವಿಗೆ ಬಿದ್ದಿತ್ತು. ಯಂತ್ರ ಒಂದೇ ಅಂದ್ಮೇಲೆ ಕಿವಿ ಮಾತು ಯಾರು ಕೇಳ್ತಾರೆ?"

ತಪ್ಪನ್ನು ತಾವೇ ಬರೆದು ಪ್ರಕಟಿಸಿದರು. ಭೇಷ್ ಅಂದವರು ಫೋನ್ ಎತ್ತಲಿಲ್ಲ, ಗುತ್ತಿಗೆಯೂ ಮುಂದುವರಿಯಲಿಲ್ಲ. ಅಂದಿನಿಂದ ಹಕ್ಕಿಗಳು ಗೂಡು ಕಟ್ಟುವ ಕಾಲ ಬಂದರೆ ಸಾಕು, ಬೆಳಗಾಗುವ ಮುಂಚೆ ಕೆರೆಗೆ ಬಂದು, ಚಿಕ್ಕಂದಿನಲ್ಲಿ ಅಪ್ಪನ ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟ ಆ ಹಕ್ಕಿಯ ಹಾಡನ್ನು ಸ್ಪೀಕರಿನಲ್ಲಿ ಹಾಕುತ್ತಾರೆ. ಬೆರಕೆಯಾಗದ ಒಂದಾದರೂ ಎಲ್ಲೋ ಉಳಿದಿದ್ದರೆ ತನ್ನ ಜಾತಿಯ ಹಾಡಿಗೆ ಓಗೊಟ್ಟೀತು ಎಂಬ ಆಸೆ.

ರಕ್ತದ ಫಲಿತಾಂಶ ಬಂದ ದಿನ ನಾನು ಅವರ ಮನೆಯಲ್ಲಿದ್ದೇನೆ. ಅಡುಗೆಮನೆಯ ಕಿಟಕಿಯಿಂದ ಜೊಂಡು ಕಾಣುತ್ತದೆ. ಹಕ್ಕಿ ಬೆರಕೆಯೇ. ಮತ್ತೆ ಹಳೆಯ ಹಾಡು ಅದಕ್ಕೆ ಬಂದದ್ದು ಎಲ್ಲಿಂದ?

"ನನ್ನಿಂದ," ಅನ್ನುತ್ತಾರೆ. "ಈ ಹಕ್ಕಿಗಳು ಮರಿಯಾಗಿದ್ದಾಗ ಕೇಳಿ ಕೇಳಿ ಹಾಡು ಕಲೀತಾವೆ. ನಿಜವಾದ ಹಾಡಿಗೆ ಕೊನೇಲಿ ಮೂರು ಸ್ವರ, ಮೆಟ್ಟಿಲು ಇಳಿದ ಹಾಗೆ. ಅಪ್ಪನ ಕ್ಯಾಸೆಟ್ ಎರಡಕ್ಕೇ ಮುಗ್ದುಹೋಯ್ತು. ಅವತ್ತು ಆ ಮರಿ ಎಷ್ಟು ಹಾಡ್ತು? ಎರಡೇ. ನನ್ನ ಸ್ಪೀಕರನ್ನೇ ಅಪ್ಪ ಅಂದ್ಕೊಂಡು ಕಲ್ತಿದೆ, ಪಾಪ."

ಚೀಲದ ಅಂಚು ಹೊಲಿಯುತ್ತಿದ್ದ ಅಕ್ಕ ತಲೆಯೆತ್ತದೆ, "ಸಂಗೀತದ ಟೀಚರ್ ಆಗು ಅಂತ ಅಪ್ಪ ಬಡ್ಕೊಂಡ್ರು, ಈಗ ಆದೆ ನೋಡು. ಮೂರನೇದೂ ಶಿಳ್ಳೆ ಹಾಕಿ ಹೇಳ್ಕೊಡು, ಪಾಠ ಪೂರ್ತಿಯಾಗ್ಲಿ," ಅನ್ನುತ್ತಾರೆ.

"ಬೇಡ ಕಣೇ. ಕಲ್ಸಿದ್ದು ಸಾಕು. ಇನ್ಮೇಲೆ ಸ್ಪೀಕರ್ ತಗೊಂಡ್ ಹೋಗಲ್ಲ."

"ಮತ್ತೆ ಏನ್ ಮಾಡ್ತೀಯ?"

"ಸುಮ್ನೆ ಕೂತು ಕೇಳ್ತೀನಿ. ಎಲ್ಲಾದ್ರೂ ಒಂದು ಉಳಿದಿದ್ರೆ ಅದರ ಪಾಡಿಗೆ ಹಾಡ್ಕೊಂಡಿರ್ಲಿ. ನನ್ನ ಕೈಗೆ ಸಿಗೋದು ಬೇಡ."

ಆ ಮೂರನೇ ಸ್ವರ ಹೇಗಿತ್ತೆಂದು ನಾನು ಕೇಳುತ್ತೇನೆ. ಅದು ಈಗ ಉಳಿದಿರುವುದು ಅವರ ನೆನಪಿನಲ್ಲಿ ಮಾತ್ರ. ಸ್ವಲ್ಪ ಯೋಚಿಸಿ ಏಳುತ್ತಾರೆ. ಮೊದಲು ಕೆರೆಯ ಕಡೆಯ ಕಿಟಕಿ ಮುಚ್ಚುತ್ತಾರೆ. ಆಮೇಲೆ ಮೇಜಿನ ಮೇಲಿದ್ದ ನನ್ನ ಫೋನಿನ ರೆಕಾರ್ಡರ್ ಆಫ್ ಮಾಡಿಸುತ್ತಾರೆ. ಅಕ್ಕ ಹೊಲಿಗೆ ನಿಲ್ಲಿಸುತ್ತಾರೆ. ಅವರು ತುಟಿ ಒದ್ದೆ ಮಾಡಿಕೊಂಡು, ಗೋಡೆಯ ಕಡೆ ತಿರುಗಿ, ಮೂರು ಸ್ವರವನ್ನೂ ಮೆಲ್ಲಗೆ ಶಿಳ್ಳೆ ಹಾಕುತ್ತಾರೆ.