ಮೂರು ಹೊತ್ತು ನಿಂತ ಯಂತ್ರ

ಕರುಳಿನ ಶಸ್ತ್ರಚಿಕಿತ್ಸೆಯಾದ ಹತ್ತನೇ ದಿನ ನನ್ನ ಹೊಟ್ಟೆಯ ಹೊಲಿಗೆ ಬಿಚ್ಚಿಕೊಂಡಿತು. ಶಿವಮೊಗ್ಗದ ವೈದ್ಯರು ಮತ್ತೆ ಹೊಲಿಯಲಿಲ್ಲ. ಗಾಯದೊಳಗೆ ಸ್ಪಂಜು ತುಂಬಿ, ಮೇಲೆ ಗಾಳಿಯಾಡದಂತೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಅದರಿಂದ ಒಂದು ಕೊಳವೆಯನ್ನು ಸಣ್ಣ ಯಂತ್ರಕ್ಕೆ ಜೋಡಿಸಿದರು. ಯಂತ್ರ ಗಾಯದ ನೀರನ್ನು ಬಿಡದೆ ಹೀರುತ್ತಿದ್ದರೆ ತಳದಿಂದ ಹೊಸ ಮಾಂಸ ಬರುತ್ತದಂತೆ.

"ದಿನಕ್ಕೆ ಎರಡು ಗಂಟೆಗಿಂತ ಜಾಸ್ತಿ ನಿಲ್ಲಿಸಬೇಡಿ. ಎರಡು ವಾರದಲ್ಲಿ ಗಾಯ ತುಂಬೋಕೆ ಶುರುವಾಗದಿದ್ರೆ ಮತ್ತೆ ಆಪರೇಷನ್ನೇ," ಎಂದರು. ಎಪ್ಪತ್ತೆರಡರ ನನ್ನ ಹೃದಯ ಇನ್ನೊಮ್ಮೆ ಅದನ್ನು ತಡೆಯುವುದು ಕಷ್ಟವೆಂದೂ ಹೇಳಿದರು.

ಭದ್ರಾವತಿಯ ಮನೆಗೆ ಬಂದೆವು. ಉಪನಯನವಾದಂದಿನಿಂದ ಮೂರು ಹೊತ್ತಿನ ಸಂಧ್ಯಾವಂದನೆ ತಪ್ಪಿಸಿದವನಲ್ಲ ನಾನು. ಯಂತ್ರದ ಆ ಕೀವು ತುಂಬಿದ ಡಬ್ಬಿಯನ್ನು ಹೆಗಲಿಗೆ ನೇತುಹಾಕಿಕೊಂಡು ಅರ್ಘ್ಯ ಕೊಡುವುದು ಹೇಗೆ? ಕೊಳವೆಯ ಕ್ಲಿಪ್ ಒತ್ತಿ, ಯಂತ್ರ ಬಿಡಿಸಿ ಸ್ಟೂಲಿನ ಮೇಲಿಟ್ಟು, ಮೈ ಒರೆಸಿಕೊಂಡು ಮಡಿ ಉಡುತ್ತಿದ್ದೆ. ಬೆಳಿಗ್ಗೆ ಒಂದೂವರೆ ಗಂಟೆ, ಮಧ್ಯಾಹ್ನ ಒಂದು, ಸಂಜೆ ಒಂದೂಕಾಲು. ಯಾವುದೂ ಎರಡು ಗಂಟೆ ದಾಟಲಿಲ್ಲವೆಂಬುದೇ ನನ್ನ ಸಮಾಧಾನ. ಮೂರನ್ನೂ ಕೂಡಲಿಲ್ಲ. ಕೂಡಿದರೆ ಏನು ಬರುತ್ತದೆಂದು ಒಳಗೊಳಗೇ ಗೊತ್ತಿತ್ತೇನೋ.

ಮೂರು ದಿನಕ್ಕೊಮ್ಮೆ ಸ್ಪಂಜು ಬದಲಿಸಲು ಶಿವಮೊಗ್ಗಕ್ಕೆ ಹೋಗಬೇಕು. ಎರಡನೇ ಸಲ ಹಾಳೆ ಬಿಚ್ಚಿದಾಗ ವಾಸನೆ ನನಗೇ ಬಡಿಯಿತು.

"ಮಷೀನ್ ಎಷ್ಟೊತ್ತು ಆಫ್ ಮಾಡ್ತೀರಾ ಅಜ್ಜ?" ನರ್ಸ್ ಕೇಳಿದಳು.

"ಎರಡು ಗಂಟೆ ಮೀರಲ್ಲಮ್ಮ."

"ಒಂದೊಂದು ಹೊತ್ತಿಗೆ ಅಂತ ಸೇರಿಸಿ ಹೇಳಿ!" ಎಂದಳು ಪಕ್ಕದಲ್ಲಿದ್ದ ಹೆಂಡತಿ. "ಮೂರು ಹೊತ್ತೂ ಅದು ಸ್ಟೂಲ್ ಮೇಲೆ ಕೂತಿರುತ್ತೆ ಮಾರಾಯ್ತಿ. ನಾನು ಹೇಳಿದ್ರೆ ಕೇಳ್ತಾರಾ? ಹೆಡ್‌ಮಾಸ್ಟರ್ ಆಗಿದ್ದೋರು."

"ಚೆನ್ನಾಗಿದೆ ಅಜ್ಜ. ನೀವು ಮಡಿ, ಗಾಯ ಮಾತ್ರ ಮೈಲಿಗೆ. ನಿಲ್ಲಿಸಿದಾಗೆಲ್ಲ ಕೆಟ್ಟ ನೀರು ಒಳಗೇ ಉಳಿಯುತ್ತೆ."

ಹಳೆಯ ಸ್ಪಂಜು ಕೀಳುವಾಗಿನ ನೋವಿಗೆ ಹಲ್ಲು ಕಚ್ಚಿ ಮಲಗಿದ್ದೆ.

ವಾಪಸು ಬರುವಾಗ ಕಾರಿನಲ್ಲಿ ಹೆಂಡತಿ ಮೆಲ್ಲಗೆ ಅಂದಳು: "ಕೂತಲ್ಲೇ ಮನಸ್ಸಲ್ಲಿ ಮಾಡ್ಕೊಳ್ಳಿ. ಸೂರ್ಯ ಏನು ಹಾಜರಿ ತಗೋತಾನಾ?"

ಮರುದಿನದಿಂದ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲೇ ಹತ್ತು ಗಾಯತ್ರಿ. ಅದರ ಗುಂಯ್‌ಗುಡುವಿಕೆಯಲ್ಲಿ ಎಣಿಕೆ ತಪ್ಪುತ್ತಿತ್ತು. ಮೊದಲಿನಿಂದ ಎಣಿಸುವಷ್ಟು ತ್ರಾಣವಿಲ್ಲದೆ ಅಲ್ಲಿಗೇ ಬಿಡುತ್ತಿದ್ದೆ.

ಎರಡು ವಾರ ಮುಗಿದ ದಿನ ಶಿವಮೊಗ್ಗದ ಆಸ್ಪತ್ರೆಯಲ್ಲಿ ವೈದ್ಯರೇ ಬಂದು ನೋಡಿದರು. "ತಳ ಕೆಂಪಾಗಿದೆ, ಹೊಸ ಮಾಂಸ ಬರ್ತಿದೆ. ಆಪರೇಷನ್ ಬೇಡ. ಆದ್ರೆ ಈ ಮಷೀನ್ ಇನ್ನೂ ಹತ್ತು ದಿನ ಇರಲಿ."

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ಸಂತೋಷಪಡಲೂ ಆಯಾಸ. ಕಾರು ಹತ್ತಿದಾಗ ಮಧ್ಯಾಹ್ನದ ಸಂಧ್ಯೆಯ ಹೊತ್ತು. ಏನನ್ನೂ ಜಪಿಸದೆ ಊರು ಬರುವವರೆಗೆ ನಿದ್ದೆ ಮಾಡಿದೆ.